ತೋಪು ಹಾರುವ ಮೊದಲೇ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ನಿನ್ನ ಕಾಗದ ಸೋಮವಾರವೇ ಬಂತು. ಉತ್ತರಕ್ಕೆ ಕೂರುವಾಗ ಶುಕ್ರವಾರವಾಯಿತು. ಮನೆಯ ಸುದ್ದಿ, ನಿನ್ನ ಅಮ್ಮನ ಹಠ, ಎಲ್ಲವೂ ಫೋನಿನಲ್ಲಿ ಆಗಿದೆ, ಅದನ್ನು ಬಿಡು. ಎರಡನೆಯ ಪುಟದ ಕೊನೆಯಲ್ಲಿ, ಹೇಳಲೋ ಬೇಡವೋ ಎನ್ನುವಂತೆ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ: ‘ಮಾವ, ಜಂಬೂಸವಾರಿಯ ತಾಲೀಮಿನಲ್ಲಿ ತೋಪು ಹಾರುವ ಮೊದಲೇ ನನ್ನ ಕುದುರೆ ಬೆದರುತ್ತದೆ. ನನ್ನ ಭಯ ಅದಕ್ಕೆ ಗೊತ್ತಾಗುತ್ತದೆಯೇ?’ ಆ ಸಾಲು ನಾಲ್ಕು ದಿನದಿಂದ ನನ್ನನ್ನು ನೆಟ್ಟಗೆ ಕೂರಲು ಬಿಟ್ಟಿಲ್ಲ.

ಗೊತ್ತಾಗುತ್ತದೆ. ಇಲ್ಲವೆಂದು ಬರೆದರೆ ನಿನಗೆ ಇವತ್ತು ರಾತ್ರಿ ನಿದ್ದೆ ಬಂದೀತು. ನಾಳೆ ಬೆಳಿಗ್ಗೆ ಕುದುರೆಯ ಮೇಲೆ ಕೂತಾಗ ಮಾವ ಸುಳ್ಳು ಹೇಳಿದನೆಂದು ನಿನ್ನ ತೊಡೆಗೇ ತಿಳಿಯುತ್ತದೆ.

ಪಶುವೈದ್ಯ ಓದುತ್ತಿರುವ ನನ್ನ ಮಗಳಿಗೆ ಆ ಸಾಲನ್ನು ಓದಿ ಹೇಳಿದೆ. ಅವಳು ಸ್ವೀಡನ್ನಿನ ಒಂದು ಪ್ರಯೋಗದ ಕಥೆ ತೆಗೆದಳು. 2009ರಲ್ಲಿ ಪ್ರಕಟವಾದದ್ದಂತೆ. ಕುದುರೆಗಳನ್ನು ಕೆಲವರು ಹಿಡಿದು ನಡೆಸಿದರು, ಕೆಲವರು ಸವಾರಿ ಮಾಡಿದರು, ಒಂದೇ ದಾರಿಯಲ್ಲಿ ನಾಲ್ಕು ಸಲ. ನಾಲ್ಕನೆಯ ಸಲಕ್ಕೆ ಮೊದಲು, ಈಗ ನೀವು ಹಾದುಹೋಗುವಾಗ ಕೊಡೆ ಬಿಚ್ಚುತ್ತೇವೆ ಎಂದು ಅವರಿಗೆ ಹೇಳಿದರು. ಬಿಚ್ಚಲಿಲ್ಲ. ಆದರೂ ಮನುಷ್ಯರ ಎದೆಬಡಿತ ಏರಿತು, ಜೊತೆಗೆ ಕುದುರೆಗಳದ್ದೂ ಏರಿತು. ‘ಕುದುರೆಗೆ ಕೊಡೆಯ ಸುದ್ದಿ ಯಾರು ಮುಟ್ಟಿಸಿದರು ಅಪ್ಪಾ?’ ಎಂದು ಅವಳು ನಕ್ಕಳು. ನಾನು ಎದ್ದು ಹಿತ್ತಲಿಗೆ ಹೋದೆ.

ನನ್ನ ಕಾಲಿನ ಕಥೆ ನಿಮಗೆಲ್ಲ ಗೊತ್ತು. ನಿಮಗೆ ಗೊತ್ತಿರುವುದು ನಾನು ಹೇಳಿದ ಕಥೆ.

ಆ ಸಂಜೆ ದೊಡ್ಡ ಗಡಿಯಾರದ ಹತ್ತಿರ ಸವಾರಿ ಇಳಿಸಿ ಖಾಲಿ ಜಟಕಾ ಹೊಡೆದುಕೊಂಡು ಅಗ್ರಹಾರದ ಕಡೆಗೆ ಬರುತ್ತಿದ್ದೆ. ತಿರುವಿನಲ್ಲಿ ಯಾರದೋ ಮದುವೆಯ ಚಪ್ಪರ. ಕಟ್ಟು ಬಿಚ್ಚಿದ ಶಾಮಿಯಾನದ ಒಂದು ತುದಿ ಗಾಳಿಗೆ ಪಟಪಟನೆ ಬಡಿಯುತ್ತಿತ್ತು. ನನ್ನ ಕುದುರೆ ಚೆಲುವಿಗೆ ಕಣ್ಣುಪಟ್ಟಿ ಇತ್ತು. ಬರಿಗಣ್ಣಿನ ಕುದುರೆಗೆ ಹಣೆಯ ಮುಂದಿನ ಒಂದಿಷ್ಟು ಜಾಗ, ಬಾಲದ ಹಿಂದಿನ ಒಂದಿಷ್ಟು ಜಾಗ ಬಿಟ್ಟರೆ ಸುತ್ತಲೂ ಕಾಣುತ್ತದೆ. ಪಟ್ಟಿ ಕಟ್ಟಿದರೆ ಎದುರಿನದಷ್ಟೇ. ಅವಳಿಗೆ ಆ ಬಟ್ಟೆ ಇನ್ನೂ ಕಂಡಿರಲಿಲ್ಲ. ಎತ್ತರದಲ್ಲಿ ಕೂತ ನನಗೆ ಕಂಡಿತ್ತು. ಇವಳು ಈಗ ಬೆದರುತ್ತಾಳೆ ಎಂದುಕೊಂಡೆ, ಲಗಾಮು ಎರಡನ್ನೂ ಸುತ್ತಿ ಹಿಡಿದೆ. ಅವಳ ಬಲಗಿವಿ ಹಿಂದಕ್ಕೆ ತಿರುಗಿತು. ಬಟ್ಟೆಯ ಕಡೆಗಲ್ಲ, ನನ್ನ ಕಡೆಗೆ. ಏನು ವಿಷಯ ಎಂದು ಕೇಳುವ ಹಾಗೆ. ನಾನು ಚಾವಟಿಯಿಂದ ಉತ್ತರ ಕೊಟ್ಟೆ.

ಆಮೇಲಿನದು ನಿಮಗೆ ಗೊತ್ತಿರುವಂತೆಯೇ ಆಯಿತು. ಚಕ್ರ ಮೋರಿಗೆ, ನಾನು ಚಕ್ರದ ಕೆಳಗೆ. ಕೇಳಿದವರಿಗೆಲ್ಲ ಬೆದರುಕುಳಿ ಕುದುರೆ ಎಂದೆ. ಹಾಸಿಗೆಯಲ್ಲಿ ಮಲಗಿಕೊಂಡೇ ಅವಳನ್ನು ಮಾರಿಸಿದೆ. ನಿನ್ನ ಅತ್ತೆ ಬೇಡ ಎಂದಳು, ಕೇಳಲಿಲ್ಲ.

ಇದನ್ನು ಬರೆಯುವಾಗ ಬುದ್ಧಿ ಹೇಳುವ ಯೋಗ್ಯತೆ ನನಗಿದೆಯೇ ಎಂದು ಎರಡು ಸಲ ಪೆನ್ನು ಕೆಳಗಿಟ್ಟೆ. ನಿನಗೆ ಕಲಿಸುವ ಉಸ್ತಾದರಿದ್ದಾರೆ, ಅವರ ಮಾತೇ ಮಾತು. ನಾನು ಗಾಡಿ ಹೊಡೆದವನು, ಜೀನಿನ ಮೇಲೆ ಕೂತವನಲ್ಲ. ನನ್ನದನ್ನು ಓದಿ ಪಕ್ಕಕ್ಕಿಡು.

ಒಂದು ಮಾತು ಮಾತ್ರ. ನಿನ್ನ ಭಯ ಅದಕ್ಕೆ ತಿಳಿಯುತ್ತದೆ ಎಂದೆನಲ್ಲ, ಪೂರ್ತಿ ತಪ್ಪು ನಿನ್ನದೇ ಎಂದು ಹೊತ್ತುಕೊಳ್ಳಬೇಡ. ಕುದುರೆ ದಡ್ಡ ಪ್ರಾಣಿಯಲ್ಲ. ಫಿರಂಗಿಯ ಬಾಯಿಗೆ ಮದ್ದು ತುರುಕುವ ಉದ್ದ ಕೋಲು ಕಂಡರೆ ಮುಂದೇನು ಎಂದು ಎರಡು ತಾಲೀಮಿನಲ್ಲಿ ಕಲಿತಿರುತ್ತದೆ. ಕೋಲು ಕಾಣುತ್ತದೆ, ಅದೇ ಹೊತ್ತಿಗೆ ಮೇಲಿನವನ ಮೊಣಕಾಲು ಬಿಗಿಯುತ್ತದೆ, ಆಮೇಲೆ ಸದ್ದು. ಮೂರೂ ಅದರ ತಲೆಯಲ್ಲಿ ಒಂದೇ ಗಂಟಾಗಿಬಿಡುತ್ತವೆ. ಸಾಧ್ಯವಾದರೆ ಉಸ್ತಾದರನ್ನು ಕೇಳಿ, ಸದ್ದೇ ಇಲ್ಲದ ದಿನ ಆ ಕೋಲಿನ ಹತ್ತಿರ, ತಣ್ಣಗಿನ ಫಿರಂಗಿಯ ಹತ್ತಿರ ಅದನ್ನು ನಿಲ್ಲಿಸು. ಮೂಸಲಿ. ಒಮ್ಮೆ ಎಡಗಡೆಯಿಂದ, ಒಮ್ಮೆ ಬಲಗಡೆಯಿಂದ ಕರೆದುಕೊಂಡು ಹೋಗು. ಹೋಗುವಾಗ ಸುಮ್ಮನಿದ್ದ ಕುದುರೆ ಬರುವಾಗ ಅದೇ ಕಲ್ಲಿಗೆ ಬೆದರುವುದನ್ನು ನಾನು ನೂರು ಸಲ ನೋಡಿದ್ದೇನೆ. ನಮಗೆ ಅದೇ ಕಲ್ಲು, ಅದಕ್ಕೆ ಬೇರೆ ಕಲ್ಲು.

ಸದ್ದಿನ ದಿನ ದೂರದಿಂದ ಶುರು ಮಾಡಲು ಬಿಡುತ್ತಾರೆಯೇ? ಕಿವಿ ನಿಮಿರಿದರೂ ಬಾಯಲ್ಲಿ ಮೇವು ಆಡಿಸುತ್ತಿರುವಷ್ಟು ದೂರ. ಪಕ್ಕದಲ್ಲಿ ಏನೂ ಕೇರ್ ಮಾಡದ ಮುದಿ ಕುದುರೆಯೊಂದಿದ್ದರೆ ಇನ್ನೂ ಒಳ್ಳೆಯದು. ಮರಿಗಳು ನಮ್ಮಿಂದ ಕಲಿಯುವುದಕ್ಕಿಂತ ತಮ್ಮತಮ್ಮಲ್ಲೇ ಬೇಗ ಕಲಿಯುತ್ತವೆ.

ಮತ್ತೆ ನಿನ್ನ ಸಾಲಿಗೇ ಬರುತ್ತೇನೆ. ಭಯ ಮುಚ್ಚಿಡಲು ಹೋಗಬೇಡ, ಅದು ಮುಚ್ಚುವ ವಸ್ತುವಲ್ಲ. ಎದೆ ಸೆಟೆಸಿ ಧೈರ್ಯಸ್ಥನಂತೆ ಕೂತರೆ ಕೆಳಗಿರುವವನಿಗೆ ಸೆಟೆದದ್ದು ಮಾತ್ರ ತಿಳಿಯುತ್ತದೆ, ಧೈರ್ಯ ತಿಳಿಯುವುದಿಲ್ಲ. ನಮ್ಮ ಸ್ಟ್ಯಾಂಡಿನ ಹಳಬರು ಯಾವಾಗಲೂ ಎಲೆಯಡಿಕೆ ಮೆಲ್ಲುತ್ತಿದ್ದರು. ಚಟ ಎಂದುಕೊಂಡಿದ್ದೆ, ಚಟವೂ ಹೌದು. ಆದರೆ ದವಡೆ ಆಡುತ್ತಿದ್ದವನ ಭುಜ ಬಿಗಿಯುತ್ತಿರಲಿಲ್ಲ, ಭುಜ ಬಿಗಿಯದವನ ಲಗಾಮು ಎಳೆಯುತ್ತಿರಲಿಲ್ಲ. ಸಮವಸ್ತ್ರದಲ್ಲಿ ನೀನು ಎಲೆಯಡಿಕೆ ಹಾಕುವಂತಿಲ್ಲ. ಹಲ್ಲಿನ ನಡುವೆ ಒಂದಿಷ್ಟು ಸಂದು ಬಿಟ್ಟುಕೊ, ಉಸಿರನ್ನು ಒಳಗೆಳೆಯುವುದಕ್ಕಿಂತ ಹೊರಗೆ ಬಿಡುವುದರ ಕಡೆ ಗಮನ ಕೊಡು. ಇಷ್ಟೇ ನನಗೆ ಗೊತ್ತಿರುವುದು, ತುಂಬ ಸಣ್ಣದು.

ಬೆದರಿದರೆ ಹೊಡೆಯಬೇಡ. ಹೊಡೆದರೆ ಮುಂದಿನ ಸಲ ಅದಕ್ಕೆ ಹೆದರಲು ಎರಡು ಕಾರಣವಾಗುತ್ತದೆ. ಭೇಷ್ ಎನ್ನಲು ಕುತ್ತಿಗೆಯ ಮೇಲೆ ಪಟಪಟ ಬಡಿಯುವುದೂ ಬೇಡ. ಜೂಲು ಮುಗಿಯುವಲ್ಲಿ, ಜೀನಿನ ಮುಂದೆ, ಬೆರಳಿನಿಂದ ತುರಿಸು. ಕುದುರೆಗಳು ಪರಸ್ಪರ ಕೆರೆದುಕೊಳ್ಳುವುದು ಅಲ್ಲಿಯೇ. ಅಲ್ಲಿ ತುರಿಸಿದರೆ ಎದೆಬಡಿತ ಇಳಿಯುತ್ತದೆ ಎಂದು ಮಗಳೂ ಹೇಳಿದಳು. ತಲೆ ತಗ್ಗಿತೋ, ತುಟಿ ಆಡಿಸಿತೋ, ಆ ದಿನಕ್ಕೆ ಸಾಕು, ಇನ್ನೊಂದು ಸುತ್ತು ನೋಡೋಣ ಎಂಬ ಆಸೆ ಬೇಡ. ಆ ಆಸೆಯಲ್ಲಿ ನಾನು ಕೆಡಿಸಿದ ದಿನಗಳಿಗೆ ಲೆಕ್ಕವಿಲ್ಲ.

ಚೆಲುವಿಯನ್ನು ಮಾರಿದ ಮಾರನೆಯ ವರ್ಷ ಊರುಗೋಲು ಹಿಡಿದು ನಂಜನಗೂಡಿನ ದಾರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಎದುರಿಗೆ ಗುಜರಿ ಅಂಗಡಿ, ಅದರ ಮುಂದೆ ಚೆಲುವಿ. ಮಳೆಗೆ ಕಟ್ಟಿದ ನೀಲಿ ಪ್ಲಾಸ್ಟಿಕ್ ತಾಡಪಾಲು ಅವಳ ತಲೆಯಿಂದ ಒಂದು ಮಾರು ದೂರದಲ್ಲಿ ಗಾಳಿಗೆ ಹಾರಿ ಹಾರಿ ಬಡಿಯುತ್ತಿತ್ತು. ಗಾಡಿಯ ಮೂಕಿಯ ಮೇಲೆ ಒಬ್ಬ ಮುದುಕ ಕಡಲೆಕಾಯಿ ಸುಲಿಯುತ್ತ ಕೂತಿದ್ದ. ಅವಳು ಒಂದು ಹಿಂಗಾಲನ್ನು ಗೊರಸಿನ ತುದಿಯ ಮೇಲೆ ಸಡಿಲ ಬಿಟ್ಟು, ಕೆಳತುಟಿ ಜೋಲಿಸಿಕೊಂಡು ತೂಕಡಿಸುತ್ತಿದ್ದಳು. ಕಣ್ಣುಪಟ್ಟಿಯೂ ಇರಲಿಲ್ಲ. ಕರೆಯೋಣ ಎನಿಸಿತು. ಕರೆದರೆ ಗುರುತು ಹಿಡಿದಾಳು ಎಂದು ಹೆದರಿ ಬಸ್ಸು ಹತ್ತಿದೆ.

ಇದನ್ನು ನಿನ್ನ ಅತ್ತೆಗೂ ಹೇಳಿರಲಿಲ್ಲ.

ಜಂಬೂಸವಾರಿಯ ದಿನ ರಾಷ್ಟ್ರಗೀತೆಯ ಹೊತ್ತಿಗೆ 21 ಸುತ್ತು ಹಾರಿಸುತ್ತಾರಲ್ಲ, ಮೊದಲನೆಯದಕ್ಕಿಂತ ಎರಡನೆಯದಕ್ಕೆ ಕಾಯುವುದೇ ಕಷ್ಟವೆಂದು ನನ್ನ ಊಹೆ. ಎಣಿಸಬೇಡ. ಅದರ ಎರಡು ಕಿವಿಗಳ ನಡುವಿನಿಂದ ದೂರದ ಯಾವುದಾದರೂ ಗೋಪುರ ನೋಡು. ಅಷ್ಟಾಗಿಯೂ ಅದು ಆಗದು ಎಂದರೆ, ಈ ವರ್ಷ ಬೇಡ ಎಂದು ನೀನೇ ಮೊದಲು ಹೇಳು. ಅದರಲ್ಲಿ ಅವಮಾನವೇನಿಲ್ಲ. ಹೇಳದೆ ಹೋದ ಮಾತು ನನ್ನ ಕಾಲಿನಲ್ಲಿ ಇವತ್ತಿಗೂ ಚಳಿಗಾಲದಲ್ಲಿ ನೋಯುತ್ತದೆ.

ಪಾಸ್ ಕಳಿಸುತ್ತೇನೆ ಎಂದಿದ್ದೀಯ. ಅರಮನೆಯ ಒಳಗೆ ಬೇಡ, ಸಯ್ಯಾಜಿರಾವ್ ರಸ್ತೆಯಲ್ಲಿ ಜನರ ನಡುವೆ ಎಲ್ಲಾದರೂ ನಿಂತಿರುತ್ತೇನೆ. ನನ್ನನ್ನು ಹುಡುಕಬೇಡ. ಹುಡುಕಿದರೆ ನಿನ್ನ ತಲೆ ತಿರುಗುತ್ತದೆ, ತಲೆ ತಿರುಗಿದರೆ ಕೂತ ಭಾರ ಸರಿಯುತ್ತದೆ, ಅದು ತಕ್ಷಣ ಕಿವಿ ಹಿಂದಕ್ಕೆ ಮಾಡಿ ಏನು ಎಂದು ಕೇಳುತ್ತದೆ. ಕೇಳಿದರೆ ಸುಮ್ಮನೆ ಉಸಿರು ಬಿಡು.

ನಿನ್ನ ಮಾವ