ಕೀರ್ತನೆಗಳಿಂದ ಶುರುವಾಗಲಿ

ಮಾನ್ಯ ಸಂಪಾದಕರೇ,

ಜುಲೈ 11 ಸಂತ ಬೆನೆಡಿಕ್ಟರ ಸ್ಮರಣೆಯ ದಿನ. ಕಥೋಲಿಕರಿಗೂ ಆಂಗ್ಲಿಕನ್ನರಿಗೂ ಅದು ಒಂದೇ ದಿನ. ಬೆಂಗಳೂರಿನ ಕುಂಬಳಗೋಡಿನಲ್ಲೇ ಆಶೀರ್ವನ ಎಂಬ ಬೆನೆಡಿಕ್ಟೀನ್ ಮಠ, ಅಂದರೆ ಅವರ ದಾರಿಯಲ್ಲಿ ನಡೆಯುವ ಸನ್ಯಾಸಿಗಳ ಮಠವಿದೆ. ಕಥೋಲಿಕ, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ), ಮಾರ್ತೋಮಾ, ಮೆಥೋಡಿಸ್ಟ್ ಸಭೆಗಳ ಸಾಮಾನ್ಯ ವಿಶ್ವಾಸಿಗಳು ಕೂಡಿ ಆ ಸಂತರು ಸನ್ಯಾಸಿಗಳಿಗಾಗಿ ಬರೆದ 'ನಿಯಮ' ಎಂಬ ಗ್ರಂಥದಂತೆ ಪ್ರಾರ್ಥಿಸುವ ಬಳಗ ಕಟ್ಟಲು ಹೊರಟವರಿಗಾಗಿ ಈ ಪತ್ರ.

ಮೊದಲ ಕೂಟವನ್ನೇ ಬಲಿಪೂಜೆಯಾಗಿ, ಅಂದರೆ ರೊಟ್ಟಿಯ ಪ್ರಸಾದ ಹಂಚುವ ಕಥೋಲಿಕರ ಆರಾಧನೆಯಾಗಿ, ಮಾಡಬೇಡಿ. ಕಥೋಲಿಕ ಧರ್ಮಸಭೆಯ ಕಾನೂನಿನ 844ನೇ ವಿಧಿ ಇತರ ಸಭೆಗಳವರೊಂದಿಗೆ ಪ್ರಸಾದ ಹಂಚಿಕೊಳ್ಳುವುದಕ್ಕೆ ಬಿಗಿಯಾದ ಮಿತಿ ಹಾಕಿದೆ. ಒಟ್ಟಾಗಲು ಬಂದವರಲ್ಲಿ ಅರ್ಧ ಜನ ಬೆಂಚಿನಲ್ಲೇ ಉಳಿಯಬೇಕಾಗುತ್ತದೆ. ಆ ನೋವು ಬೇಗ ಮಾಯುವಂಥದಲ್ಲ. ಕೂಡಿ ಪ್ರಾರ್ಥಿಸುವುದಕ್ಕಾದರೆ 1964ರಲ್ಲೇ ಕಥೋಲಿಕ ಬಿಷಪರ ಎರಡನೇ ವ್ಯಾಟಿಕನ್ ಮಹಾಸಭೆ ಪ್ರೋತ್ಸಾಹ ಕೊಟ್ಟಿದೆ.

ಆದ್ದರಿಂದ ರಾತ್ರಿಯ ಕೊನೆಯ ಪ್ರಾರ್ಥನೆಯಿಂದ ಆರಂಭಿಸಿ. ವಾರಕ್ಕೊಂದು ದಿನ, ಒಂದೇ ಜಾಗ, ಇಪ್ಪತ್ತು ನಿಮಿಷ ಸಾಕು. ನಿಯಮದ 18ನೇ ಅಧ್ಯಾಯ ಇದಕ್ಕೆ 4, 90, 133ನೇ ಕೀರ್ತನೆಗಳನ್ನು ಹೇಳುತ್ತದೆ. ಎಡವುವುದು ಇಲ್ಲೇ. ಅದು ಲ್ಯಾಟಿನ್ ಎಣಿಕೆ. ಅದರಲ್ಲಿ 9 ಮತ್ತು 10 ಸೇರಿ ಒಂದೇ ಕೀರ್ತನೆ; ಹಾಗಾಗಿ ಮುಂದಿನ ಬಹುತೇಕ ಕೀರ್ತನೆಗಳ ಸಂಖ್ಯೆ ಒಂದು ಕಡಿಮೆ. ನಮ್ಮ ಕನ್ನಡ ಬೈಬಲಿನಲ್ಲಿ ತೆರೆಯಬೇಕಾದದ್ದು 4, 91, 134. ತಿಳಿಯದೆ 90 ತೆರೆದರೆ ಮಲಗುವ ಹೊತ್ತಿಗೆ ಎಪ್ಪತ್ತು ವರ್ಷದ ಆಯುಸ್ಸಿನ ಚಿಂತೆ ಸಿಗುತ್ತದೆ; ದೇವರ ರೆಕ್ಕೆಯ ಮರೆ ಇರುವುದು 91ರಲ್ಲಿ. ಕೀರ್ತನೆಗಳಾದ ಮೇಲೆ ಒಂದು ಗೀತೆ, ಒಂದು ಕಿರು ವಾಚನ, 'ಕರುಣಿಸು' ಎಂಬ ಮೊರೆ, ಆಶೀರ್ವಾದ. ಅಷ್ಟೇ. ಕೊನೆಯಲ್ಲಿ ಮರಿಯಮ್ಮನವರ ಗೀತೆ ಹಾಡುವುದು ಮುಂದಿನ ಶತಮಾನಗಳ ರೂಢಿ, ನಿಯಮದಲ್ಲಿಲ್ಲ. ಅದನ್ನು ಬಿಟ್ಟರೆ ಕಥೋಲಿಕರಿಗೆ ನಷ್ಟವಿಲ್ಲ, ಇತರರಿಗೆ ಮುಜುಗರವಿಲ್ಲ.

ಎಲ್ಲರ ಕೈಗೂ ಒಂದೇ ಅನುವಾದದ ಜೆರಾಕ್ಸ್ ಕೊಡಿ. ಒಂದು ಸಾಲಿನವರು 'ಯೆಹೋವ' ಎಂದು, ಎದುರು ಸಾಲಿನವರು 'ಪ್ರಭು' ಎಂದು ಓದಿದರೆ ಲಯ ಮುರಿಯುತ್ತದೆ. ವಚನದ ನಡುವೆ ಒಂದು ಉಸಿರಿನಷ್ಟು ನಿಲ್ಲಲು ಕಲಿಸಿ; ಹೊಸಬರು ಓಡುವುದು ಅಲ್ಲಿಯೇ. 'ಪರಲೋಕದಲ್ಲಿರುವ ನಮ್ಮ ತಂದೆಯೇ' ಹೇಳುವುದಾದರೆ, ಪ್ರೊಟೆಸ್ಟಂಟರು ಕೊನೆಯಲ್ಲಿ ಹೇಳುವ 'ರಾಜ್ಯವೂ ಬಲವೂ ಮಹಿಮೆಯೂ' ಸೇರಿಸಬೇಕೋ ಬೇಡವೋ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಅರ್ಧ ಜನ ನಿಲ್ಲಿಸಿ ಇನ್ನರ್ಧ ಮುಂದುವರಿದರೆ ಬಿರುಕು ಕಿವಿಗೇ ಕೇಳುತ್ತದೆ.

'ಒಬ್ಲೇಟ್' ಆಗುವ ಆತುರ ಬೇಡ. ಒಬ್ಲೇಟ್ ಎಂದರೆ ಸನ್ಯಾಸಿಗಳಾಗದೆಯೇ ಒಂದು ನಿರ್ದಿಷ್ಟ ಮಠಕ್ಕೆ ಸೇರಿದವರು. ಬಳಗ ತಾನೇ ಆ ಹೆಸರು ಕೊಡಲಾಗದು. ಅವರು ಮಾಡುವುದು ವಾಗ್ದಾನ, ಸನ್ಯಾಸದ ವ್ರತವಲ್ಲ. ಅದರಿಂದ ಯಾರ ಸಭಾ ಸದಸ್ಯತ್ವವೂ ಬದಲಾಗದು. ಅಮೆರಿಕದ ಮಿನ್ನೆಸೋಟದ ಸೇಂಟ್ ಜಾನ್ಸ್ ಮಠ ಇತರ ಸಭೆಗಳ ಕ್ರೈಸ್ತರನ್ನೂ ಒಬ್ಲೇಟರಾಗಿ ಸ್ವೀಕರಿಸುತ್ತದೆ. ಇಲ್ಲಿ ಆಯಾ ಮಠದ ಹಿರಿಯರನ್ನೇ ಕೇಳಬೇಕು. ಸನ್ಯಾಸಕ್ಕೆ ಬಂದವರಿಗೇ 58ನೇ ಅಧ್ಯಾಯ ಎರಡು, ಆರು, ನಾಲ್ಕು ತಿಂಗಳು ಕಾಯಿಸಿ, ಪ್ರತಿ ಹಂತದಲ್ಲೂ ನಿಯಮ ಓದಿಸುತ್ತದೆ. ಬಳಗವೂ ಒಂದು ವರ್ಷ ಕಾಯಲಿ. ನಿಯಮವನ್ನು ದಿನದ ಪಾಲುಗಳಾಗಿ ಹಂಚಿದ ಪಟ್ಟಿಯಂತೆ ಜನವರಿ 1, ಮೇ 2, ಸೆಪ್ಟೆಂಬರ್ 1ರಿಂದ ಓದಿದರೆ ಅಷ್ಟರಲ್ಲಿ ಮೂರು ಸುತ್ತು ಮುಗಿದಿರುತ್ತದೆ.

ಪ್ರತಿಯೊಬ್ಬರೂ ತಮ್ಮ ಗುರುಗಳಿಗೆ ಅಥವಾ ಸಭಾಪಾಲಕರಿಗೆ ಮೊದಲೇ ತಿಳಿಸಲಿ. ಮುಚ್ಚಿಟ್ಟರೆ 'ಸಭೆ ಒಡೆಯುತ್ತಿದ್ದಾರೆ' ಎಂಬ ಮಾತು ಹುಟ್ಟಲು ತಡವಾಗದು. ಕಾಫಿ, ಹರಟೆ ಪ್ರಾರ್ಥನೆಗೆ ಮುಂಚೆಯೇ ಮುಗಿಯಲಿ. 42ನೇ ಅಧ್ಯಾಯದ ಪ್ರಕಾರ ಆ ಪ್ರಾರ್ಥನೆಯ ನಂತರ ಯಾರೂ ಮಾತಾಡುವಂತಿಲ್ಲ.

– ಓದುಗರು, ಬೆಂಗಳೂರು