ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ಅವರ ಸಿಬ್ಬಂದಿಗೂ ನಮ್ಮ ಮನೆಯವರ ನಮಸ್ಕಾರ

ನನ್ನ ಮೊಮ್ಮಗಳಿಗೆ ವರ್ಷ ತುಂಬಿದ ಈ ಹೊತ್ತಿನಲ್ಲಿ, ಚಿಕ್ಕಬಳ್ಳಾಪುರ ಜಿಲ್ಲೆಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಅಧಿಕಾರಿಗಳಿಗೆ ಹಾಗೂ ಅವರ ಕೈಕೆಳಗಿನ ಸಿಬ್ಬಂದಿಗೆ ಎಲ್ಲರೆದುರು ಕೃತಜ್ಞತೆ ಸಲ್ಲಿಸುವುದು ನಮ್ಮ ಕುಟುಂಬದ ಕರ್ತವ್ಯವೆಂದು ಭಾವಿಸಿದ್ದೇನೆ.

ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದಲ್ಲಿ 2023ರ ಆಗಸ್ಟ್‌ನಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝಿಕಾ ವೈರಸ್ ಇದೆಯೆಂಬ ವರದಿ ಬಂದಾಗ ಸುತ್ತಲಿನ ಐದು ಕಿಲೋಮೀಟರ್ ವ್ಯಾಪ್ತಿಯಲ್ಲಿ ಕಟ್ಟೆಚ್ಚರ ವಹಿಸಲಾಯಿತು. ನಮ್ಮ ಹಳ್ಳಿಯೂ ಆ ವ್ಯಾಪ್ತಿಯೊಳಗಿತ್ತು, ನನ್ನ ಮಗಳು ಆಗ ಚೊಚ್ಚಲ ಬಸುರಿ. ದೊಡ್ಡವರಲ್ಲಿ ಸಣ್ಣ ಜ್ವರ, ಮೈಮೇಲೆ ಗಂಧೆಯಷ್ಟರಲ್ಲಿ ಮುಗಿದುಹೋಗುವ ಈ ಸೋಂಕು ಬಸುರಿಗೆ ತಗುಲಿದರೆ ಗರ್ಭದಲ್ಲಿರುವ ಕೂಸಿನ ಮೆದುಳಿನ ಬೆಳವಣಿಗೆಯನ್ನೇ ಕುಂಠಿತಗೊಳಿಸಬಲ್ಲದು ಎಂದು ತಿಳಿದ ದಿನದಿಂದ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ.

ಜ್ವರ ಬಂದವರಿಗೆ ಮದ್ದು ಕೊಡುವ ವೈದ್ಯರನ್ನು ಊರು ಗುರುತಿಸುತ್ತದೆ. ಊರಿನಲ್ಲಿ ಯಾರಿಗೂ ಝಿಕಾ ಕಾಣಿಸಿಕೊಳ್ಳದಿದ್ದಾಗಲೇ ಸೊಳ್ಳೆಗಳನ್ನು ಹಿಡಿಸಿ ಪರೀಕ್ಷೆಗೆ ಕಳುಹಿಸುವ, ವರದಿ ಬಂದೊಡನೆ ತಾಲ್ಲೂಕು ಆರೋಗ್ಯಾಧಿಕಾರಿಯಿಂದ ಆಶಾ ಕಾರ್ಯಕರ್ತೆಯವರೆಗೆ ಎಲ್ಲರನ್ನೂ ಮನೆಮನೆಗೆ ಕಳುಹಿಸುವ ಹೊಣೆ ಹೊತ್ತವರು ಮಾತ್ರ ಕಣ್ಣಿಗೆ ಬೀಳುವುದು ಅಪರೂಪ. ಆದ್ದರಿಂದಲೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆಯಲ್ಲಿ ನಲ್ಲಿಯಲ್ಲಿ ನೀರು ಬಂದ ದಿನ ಡ್ರಮ್ಮು, ತೊಟ್ಟಿ, ಬಿಂದಿಗೆಗಳನ್ನೆಲ್ಲ ತುಂಬಿಟ್ಟುಕೊಳ್ಳದೆ ಬದುಕು ಸಾಗದು. ಹಗಲಲ್ಲಿ ಕಚ್ಚುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದೂ ಅಂಥ ತಿಳಿನೀರಿನಲ್ಲೇ. ನೀರು ಚೆಲ್ಲಿದರಷ್ಟೇ ಸಾಲದು, ತೊಟ್ಟಿಯ ಒಳಗೋಡೆಗೆ ಅಂಟಿದ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿಯುತ್ತವೆ, ವಾರಕ್ಕೊಮ್ಮೆ ತಿಕ್ಕಿ ತೊಳೆಯಿರಿ ಎಂದು ಆಶಾ ಕಾರ್ಯಕರ್ತೆ ನಮ್ಮ ಸೊಸೆಗೆ ತಾಳ್ಮೆಯಿಂದ ತೋರಿಸಿಕೊಟ್ಟರು. ನಮ್ಮದು ರೇಷ್ಮೆ ಸಾಕುವ ಮನೆ, ಹುಳು ಆಗ ನಾಲ್ಕನೇ ಜ್ವರ, ಅಂದರೆ ನಾಲ್ಕನೇ ಸಲ ಪೊರೆ ಬಿಡುವ ಹಂತ, ದಾಟಿ ಎದ್ದಿತ್ತು. ಸೊಳ್ಳೆಗೆ ಹಾಕುವ ಹೊಗೆ ಹುಳುವಿಗೂ ವಿಷವೆಂದು ನಾವು ಅಂಜಿದಾಗ, ಸಿಬ್ಬಂದಿ ಗದರದೆ ನಮ್ಮ ಮಾತು ಕೇಳಿ, ಹುಳುಮನೆಯ ಕಡೆ ಹೊಗೆ ಹಾಯದಂತೆ ನೋಡಿಕೊಂಡರು. ಬಸುರಿಯ ಪ್ರಾಣದಷ್ಟೇ ಬಡವನ ಬೆಳೆಯನ್ನೂ ಲೆಕ್ಕಕ್ಕಿಟ್ಟುಕೊಂಡ ಆ ನಡವಳಿಕೆಯನ್ನು ನಾನು ಮರೆಯಲಾರೆ.

ಮಗಳ ರಕ್ತದ ಮಾದರಿಯಲ್ಲಿ ಸೋಂಕಿಲ್ಲವೆಂಬ ಸುದ್ದಿಯನ್ನು ಆರೋಗ್ಯ ಕೇಂದ್ರದವರು ತಾವಾಗಿಯೇ ಮನೆಗೆ ಬಂದು ತಿಳಿಸಿದರು, ಹೆರಿಗೆಯವರೆಗೂ ವಿಚಾರಿಸಿಕೊಂಡರು. ಮಾದರಿ ಹೊತ್ತೊಯ್ದವರು, ಪ್ರಯೋಗಾಲಯದಲ್ಲಿ ಕುಳಿತು ಪರೀಕ್ಷಿಸಿದವರು, ಬಿಸಿಲಿನಲ್ಲಿ ತೊಟ್ಟಿ ತೊಟ್ಟಿಗೆ ಬಗ್ಗಿ ನೋಡಿದ ಹೆಣ್ಣುಮಕ್ಕಳು, ಇವರೆಲ್ಲರನ್ನೂ ನಡೆಸಿದ ಮಾನ್ಯ ಅಧಿಕಾರಿಗಳು, ಎಲ್ಲರಿಗೂ ನನ್ನ, ನನ್ನ ಮಗಳ ಮತ್ತು ಅವಳ ಅತ್ತೆಮನೆಯವರ ಹೃತ್ಪೂರ್ವಕ ವಂದನೆಗಳು.