ಮಳೆ ಪುಸ್ತಕದ ಸೊನ್ನೆಗಳು: ಬರೆಯುವ ಹುಡುಗಿಗೊಂದು ಪತ್ರ

ಮೂಡಿಗೆರೆ ಹತ್ತಿರದ ಮನೆಯಿಂದ
ಜುಲೈ, ಪುನರ್ವಸು ಮಳೆ

ಮಗಳೇ,

ಹವಾಮಾನ ಬದಲಾವಣೆಯ ಸುದ್ದಿಯಲ್ಲಿನ ಪಕ್ಷಪಾತದ ಬಗ್ಗೆ ನೀನು ಬರೆದ ಹದಿನಾಲ್ಕು ಪುಟದ ಲೇಖನ ಬಂದು ಹತ್ತು ದಿನವಾಯಿತು. ಇಲ್ಲಿ ನಾಲ್ಕು ದಿನ ಕರೆಂಟ್ ಇರಲಿಲ್ಲ. ಮೊದಲ ಸಲ ದೀಪದ ಬೆಳಕಿನಲ್ಲಿ ಓದಿದೆ. ಎರಡನೇ ಸಲ ಜಗಲಿಯಲ್ಲಿ ಕೂತು ಪೆನ್ಸಿಲ್ ಹಿಡಿದು ಓದಿದೆ. ಜೊತೆಗಿಟ್ಟ ಚೀಟಿಯನ್ನು ಮಾತ್ರ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಸಂಪಾದಕರೊಬ್ಬರು "ಇನ್ನೊಂದು ಕಡೆಯವರ ಮಾತು ಎಲ್ಲಿ?" ಎಂದು ಕೇಳಿ ಲೇಖನ ವಾಪಸ್ ಕಳಿಸಿದರು, ಇನ್ನು ಬರೆಯೋದೇ ಬೇಡ ಅನ್ನಿಸಿಬಿಟ್ಟಿದೆ ಎಂದಿದ್ದೀಯ. ಓದಿ ಸಂಕಟವಾಯಿತು. ಇಪ್ಪತ್ತೆರಡನೇ ವಯಸ್ಸಿಗೆ ಕೈಬಿಡುವ ಕೆಲಸವಲ್ಲ ಇದು.

ಲೇಖನ ಎಷ್ಟು ಉದ್ದ ಇರಬೇಕು, ಶೀರ್ಷಿಕೆ ಹೇಗಿಡಬೇಕು, ಯಾವ ಪತ್ರಿಕೆಗೆ ಕಳಿಸಬೇಕು ಎಂದೆಲ್ಲ ಕೇಳಿದ್ದೀಯ. ಅದನ್ನು ಹಾಸನದಲ್ಲಿ ನಿನ್ನ ಮೇಷ್ಟ್ರು ಹೇಳಿಕೊಡುತ್ತಾರೆ. ನನಗೆ ಹೇಳೋದಕ್ಕೆ ಇರುವುದು ಒಂದೇ ವಿಷಯ. ಅದು ಅಳತೆ.

ನಮ್ಮ ಕಡೆ ತೋಟಗಳಲ್ಲಿ ರೈಟರ್ ಅಂದರೆ ಯಾರು ಅಂತ ನಿನಗೆ ಗೊತ್ತು. ಆಳುಗಳ ಹಾಜರಿ, ಗೊಬ್ಬರದ ಲೆಕ್ಕ, ಕುಯ್ಲಿನ ಲೆಕ್ಕ ಬರೆಯುವವರು. ನಮ್ಮಪ್ಪ ಒಂದೇ ತೋಟದಲ್ಲಿ ಮೂವತ್ತೊಂದು ವರ್ಷ ರೈಟರ್ ಆಗಿದ್ದರು. ದಿನಾ ಬೆಳಿಗ್ಗೆ ಎಂಟು ಗಂಟೆಗೆ ಮಳೆ ಮಾಪಕದ ನೀರನ್ನು ಅಳತೆ ಗಾಜಿಗೆ ಸುರಿಯುತ್ತಿದ್ದರು. ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಿದ್ದರು. ಇಷ್ಟು ಇಂಚು, ಇಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಅಂತ ಉದ್ದದ ಪುಸ್ತಕದಲ್ಲಿ ಬರೆಯುತ್ತಿದ್ದರು. ಮಳೆ ಬಾರದ ದಿನ ಸೊನ್ನೆ ಬರೆಯುತ್ತಿದ್ದರು. ಜನವರಿ, ಫೆಬ್ರವರಿಯಲ್ಲಿ ಪುಟದ ತುಂಬ ಸೊನ್ನೆಗಳು. ಚಿಕ್ಕವನಿದ್ದಾಗ ಒಮ್ಮೆ ಕೇಳಿದೆ, ಸುಮ್ನೆ ಖಾಲಿ ಬಿಡಬಹುದಲ್ವಾ ಅಂತ. "ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ನಾನು ನೋಡಲಿಲ್ಲವೋ ಗೊತ್ತಾಗಲ್ಲ ಕಣೋ" ಅಂದರು. ಒಂದು ವರ್ಷ ಯಾರೋ ಪರಿಹಾರದ ಅರ್ಜಿಗೆ ಅಂತ ಎರಡು ಇಂಚು ಜಾಸ್ತಿ ಬರೆದುಕೊಡಿ ಎಂದು ಕೇಳಿದರು. ಅಪ್ಪ ಬರೆದುಕೊಡಲಿಲ್ಲ. ಎಂಟು ಗಂಟೆಯಾಯಿತೆಂದು ಗಾಜು ತೆಗೆದುಕೊಂಡು ಎದ್ದು ಹೋದರು.

ಸಂಪಾದಕರ ಆ ಪ್ರಶ್ನೆಗೆ ಬರುತ್ತೇನೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಆ ಪ್ರಶ್ನೆ ನಮ್ಮ ಪತ್ರಿಕಾ ವೃತ್ತಿಯ ಹಳೇ ಅಭ್ಯಾಸ. ಜಮೀನಿನ ಜಗಳವಿದ್ದರೆ ಇಬ್ಬರನ್ನೂ ಕೇಳಲೇಬೇಕು. ಆದರೆ ಗಾಜಿನಲ್ಲಿ ಎರಡು ಇಂಚು ನೀರಿರುವಾಗ "ಮಳೆಯೇ ಬಂದಿಲ್ಲ" ಎನ್ನುವವರಿಗೂ ಅರ್ಧ ಪುಟ ಕೊಡುವುದು ನ್ಯಾಯವಲ್ಲ.

ಇದರ ಚರಿತ್ರೆ ನಿನ್ನ ಲೇಖನದಲ್ಲಿ ಬಂದೇ ಇಲ್ಲ. ಬರಬೇಕಿತ್ತು. 1988ರ ಜೂನ್‌ನಲ್ಲಿ ನಾಸಾದ ವಿಜ್ಞಾನಿ ಜೇಮ್ಸ್ ಹ್ಯಾನ್ಸನ್ ಅಮೆರಿಕದ ಸೆನೆಟ್ ಸಮಿತಿ ಮುಂದೆ ಕೂತು, ಭೂಮಿ ಬಿಸಿಯಾಗುತ್ತಿದೆ, ಇದು ಶುರುವಾಗಿಬಿಟ್ಟಿದೆ ಎಂದರು. ಅದಕ್ಕೂ ಮೊದಲು, 1977ರಲ್ಲೇ, ಎಕ್ಸಾನ್ ತೈಲ ಕಂಪನಿಯ ಸ್ವಂತ ವಿಜ್ಞಾನಿಯೊಬ್ಬರು ಕಂಪನಿಯ ದೊಡ್ಡವರಿಗೆ ಇದನ್ನೇ ವಿವರಿಸಿದ್ದರು. ಒಳಗೆ ಗೊತ್ತಿತ್ತು. ಹೊರಗೆ ಮಾತ್ರ ವರ್ಷಗಟ್ಟಲೆ "ಇನ್ನೂ ಖಚಿತವಿಲ್ಲ" ಎಂದರು. ಆ ಅನುಮಾನವನ್ನು ಮನೆಮನೆಗೆ ಮುಟ್ಟಿಸಿದ್ದು ಪತ್ರಿಕೆಗಳು. ಮ್ಯಾಕ್ಸ್‌ವೆಲ್ ಬಾಯ್ಕಾಫ್, ಜೂಲ್ಸ್ ಬಾಯ್ಕಾಫ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ ನಾಲ್ಕು ದೊಡ್ಡ ಪತ್ರಿಕೆಗಳಿಂದ, 1988ರಿಂದ 2002ರವರೆಗಿನ 636 ಬರಹಗಳನ್ನು ತೆಗೆದುಕೊಂಡು ಪರೀಕ್ಷಿಸಿದರು. ಅರ್ಧಕ್ಕಿಂತ ಜಾಸ್ತಿ ಬರಹಗಳಲ್ಲಿ, ಮನುಷ್ಯನಿಂದಾಗಿ ಬಿಸಿ ಏರುತ್ತಿದೆ ಎಂಬ ಮಾತಿಗೂ ಇದೆಲ್ಲ ಪ್ರಕೃತಿಯ ಏರಿಳಿತ ಎಂಬ ಮಾತಿಗೂ ಹೆಚ್ಚುಕಡಿಮೆ ಸಮ ಜಾಗ ಸಿಕ್ಕಿತ್ತು. ವಿಜ್ಞಾನಿಗಳ ನಡುವೆ ಅಂಥ ಸಮಪಾಲು ಇರಲೇ ಇಲ್ಲ. ಆ ವರದಿಗಾರರಲ್ಲಿ ಸುಳ್ಳು ಬರೆಯಬೇಕು ಅಂತ ಕೂತವರು ಎಷ್ಟು ಜನ ಇದ್ದಾರು? ಇಬ್ಬರಿಗೆ ಫೋನ್ ಮಾಡಿದರು, ಇಬ್ಬರ ಮಾತನ್ನೂ ಹಾಕಿದರು, ಮನೆಗೆ ಹೋಗಿ ನೆಮ್ಮದಿಯಾಗಿ ಮಲಗಿದರು. ನನಗೆ ಹೊಟ್ಟೆ ಉರಿಯುವುದು ಆ ನೆಮ್ಮದಿ ನೋಡಿ.

ಆಮೇಲೆ ಕೆಲವರು ತಿದ್ದಿಕೊಂಡರು. 2017ರಲ್ಲಿ ಬಿಬಿಸಿ ರೇಡಿಯೋದಲ್ಲಿ ಬ್ರಿಟನ್ನಿನ ಮಾಜಿ ಹಣಕಾಸು ಸಚಿವ ನೈಜೆಲ್ ಲಾಸನ್, ಕಳೆದ ಹತ್ತು ವರ್ಷದಲ್ಲಿ ಭೂಮಿಯ ಸರಾಸರಿ ಉಷ್ಣಾಂಶ ಸ್ವಲ್ಪ ಇಳಿದಿದೆ ಎಂದುಬಿಟ್ಟರು. ಅದು ತಪ್ಪು. ಎದುರಿಗಿದ್ದ ನಿರೂಪಕರು ಅದನ್ನು ಪ್ರಶ್ನಿಸಲಿಲ್ಲ. ಮರುವರ್ಷ ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಇದು ನಿಯಮಭಂಗ ಎಂದಿತು. 2021ರಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ, ಗಾಳಿ, ಸಮುದ್ರ, ನೆಲ ಬಿಸಿಯಾಗಿರುವುದು ಮನುಷ್ಯನಿಂದಲೇ, ಅದರಲ್ಲಿ ಸಂಶಯವಿಲ್ಲ ಎಂದು ಬರೆಯಿತು. ಸಂಪಾದಕರಿಗೆ ಉತ್ತರ ಬರೆಯುವಾಗ ಇದನ್ನೆಲ್ಲ ಮರ್ಯಾದೆಯಿಂದ, ಶಾಂತವಾಗಿ ಬರೆ.

ಇನ್ನು ಸ್ವಲ್ಪ ಬೈಯುತ್ತೇನೆ, ಕೇಳು.

ನೀನು ಇಂಗ್ಲಿಷ್‌ನಲ್ಲಿ ಓದಿದ್ದನ್ನು ಹಾಗೇ ನಮ್ಮ ಜಿಲ್ಲೆಗೆ ತಂದು ಕೂರಿಸಿದ್ದೀಯ. ನಮ್ಮಲ್ಲಿ ಹವಾಮಾನ ಬದಲಾವಣೆಯೇ ಸುಳ್ಳು ಅನ್ನುವವರು ಎಷ್ಟು ಜನ ಸಿಗುತ್ತಾರೆ? ಕಾಫಿ ಹೂ ಅರಳಿಸುವ ಹೂವಿನ ಮಳೆ ಕೈಕೊಟ್ಟವರು, ಕಣದಲ್ಲಿ ಒಣಗಲು ಹಾಕಿದ ಕಾಫಿ ಡಿಸೆಂಬರ್ ಮಳೆಗೆ ನೆಂದವರು, ಯಾರೂ ಹಾಗನ್ನುವುದಿಲ್ಲ. ನಮ್ಮ ಸುದ್ದಿಯ ಪಕ್ಷಪಾತ ಬೇರೆ ಥರದ್ದು. ಅದು ಅಪ್ಪ ಹೇಳಿದ ಖಾಲಿ ಜಾಗ. ಗುಡ್ಡ ಜರಿದ ದಿನ ಮುಖಪುಟ. ಹದಿನೈದು ದಿನ ಬಿಟ್ಟು ನೋಡಿದರೆ ಏನೂ ಇಲ್ಲ. ಸೊನ್ನೆಯೂ ಇಲ್ಲ.

2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದು ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮಾರನೇ ದಿನದ ತಾರೀಖು ಹಾಕಿ ಕೇಂದ್ರ ಸರ್ಕಾರ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಹೊರಡಿಸಿತು. ಅದು ಆರನೆಯ ಕರಡು. ಆರು ರಾಜ್ಯ ಸೇರಿ 56,825 ಚದರ ಕಿಲೋಮೀಟರ್. ಅದರಲ್ಲಿ 20,668 ನಮ್ಮ ಕರ್ನಾಟಕದ್ದೇ. ಆಗ ಟಿವಿಯಲ್ಲಿ ನಾನು ಕಂಡದ್ದು ಯಾರು ಪರ, ಯಾರು ವಿರೋಧ ಎಂಬ ಕೂಗಾಟ. ಆ ಕರಡಿಗೆ ಮೂಲವಾದ ಕಸ್ತೂರಿರಂಗನ್ ಸಮಿತಿಯ ವರದಿ ಬಂದದ್ದು 2013ರಲ್ಲಿ. ಅದು ಬೇಡ ಎಂದದ್ದು ಗಣಿ, ಕಲ್ಲು ಕ್ವಾರಿ, ಮರಳುಗಾರಿಕೆ, ಉಷ್ಣ ವಿದ್ಯುತ್ ಸ್ಥಾವರ, ಹೆಚ್ಚು ಮಾಲಿನ್ಯ ಮಾಡುವ ಕೆಂಪು ಪಟ್ಟಿಯ ಕೈಗಾರಿಕೆ, 20,000 ಚದರ ಮೀಟರ್ ಮೀರಿದ ಕಟ್ಟಡ ಇಂಥವನ್ನು. ನಮ್ಮೂರಿನ ಚಹಾ ಅಂಗಡಿಯಲ್ಲಿ ಜನ ನಂಬಿದ್ದು, ಮನೆ ಖಾಲಿ ಮಾಡಿಸ್ತಾರೆ, ತೋಟ ಕಿತ್ಕೊತಾರೆ ಅಂತ. ಅವರನ್ನು ದಡ್ಡರು ಅನ್ನುವ ಹಕ್ಕು ನಮಗಿಲ್ಲ. ಆ ವರದಿಯನ್ನು ಕೈಯಲ್ಲಿ ಹಿಡಿದು, ಕನ್ನಡದಲ್ಲಿ, ಅವರ ಪಕ್ಕ ಕೂತು ಓದಿ ಹೇಳಿದವರು ಯಾರು? ನಾನೂ ಹೇಳಲಿಲ್ಲ. ಕಾನೂನಿನ ಹೆಸರಲ್ಲಿ ಕಾಡಂಚಿನವರು ಪಟ್ಟ ಕಷ್ಟ ಕಣ್ಣಮುಂದಿದೆ. ಅವರ ಭಯ ಹುಟ್ಟಿದ್ದು ಗಾಳಿಯಲ್ಲಲ್ಲ. ಆ ಭಯಕ್ಕೂ ಅಳತೆ ಇದೆ, ಅದನ್ನೂ ಬರೆಯಬೇಕು.

ಒಂಬತ್ತನೇ ಪುಟದಲ್ಲಿ ಒಂದು ಪಕ್ಷವನ್ನು ಹಿಡಿದು ಜಾಡಿಸಿದ್ದೀಯ. ಇನ್ನೊಂದು ಪಕ್ಷದ ಹೆಸರೇ ಇಲ್ಲ. ಮಗಳೇ, ರಾಜ್ಯದಲ್ಲಿ ಕಾಂಗ್ರೆಸ್ ಇದ್ದಾಗಲೂ ಬಿಜೆಪಿ ಇದ್ದಾಗಲೂ ಆ ವರದಿ ಬೇಡವೆಂದೇ ದೆಹಲಿಗೆ ಹೇಳಿದ್ದು. ಇದು ನಿನಗೆ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟೆ. ನಿನಗೆ ಇಷ್ಟದವರು ಅಂತ ಗಾಜನ್ನು ವಾಲಿಸಿ ಹಿಡಿದರೆ ನೀನು ಬೈದ ಆ ಚಾನೆಲ್ಲಿನವರಿಗೂ ನಿನಗೂ ಏನು ವ್ಯತ್ಯಾಸ?

ಇನ್ನೊಂದು ಮಾತು. "ನಾವೇ ಭೂಮಿಯನ್ನು ಹಾಳು ಮಾಡಿದೆವು" ಅಂತ ಮೂರು ಕಡೆ ಬರೆದಿದ್ದೀಯ. ಈ ನಾವು ಯಾರು? ತೋಟದ ಆಳುಗಳ ಲೈನ್ ಮನೆಯಲ್ಲಿದ್ದುಕೊಂಡು ದಿನಾ ನಡೆದೇ ಕೆಲಸಕ್ಕೆ ಬರುವ ಹೆಣ್ಣುಮಗಳಾ? 1991ರಲ್ಲೇ ದೆಹಲಿಯ ಪರಿಸರ ತಜ್ಞರಾದ ಅನಿಲ್ ಅಗರವಾಲ್, ಸುನೀತಾ ನಾರಾಯಣ್ ಈ ಪ್ರಶ್ನೆ ಎತ್ತಿದ್ದರು. ಬಡವರ ಹೊಟ್ಟೆಪಾಡಿನ ಹೊಗೆಯನ್ನೂ ಶ್ರೀಮಂತರ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಎಂದರು. ಭೂಮಿಯನ್ನು ಬಿಸಿ ಮಾಡುವ ಒಟ್ಟು ಹೊಗೆಯಲ್ಲಿ ಭಾರತ ಇವತ್ತು ಜಗತ್ತಿನಲ್ಲಿ ಮೂರನೆಯದು. ತಲೆಲೆಕ್ಕ ಹಾಕಿದರೆ ಜಗತ್ತಿನ ಸರಾಸರಿಗಿಂತ ಕೆಳಗೆ. ಎರಡೂ ನಿಜ. ಎರಡನ್ನೂ ಬರೆ. ಒಂದನ್ನು ಮಾತ್ರ ಹೇಳುವವರು ಈ ಕಡೆಯೂ ಇದ್ದಾರೆ, ಆ ಕಡೆಯೂ ಇದ್ದಾರೆ.

ಈಗ ನನ್ನ ತಪ್ಪು. ಇದನ್ನು ಇದುವರೆಗೆ ಬರೆದು ಯಾರಿಗೂ ಕೊಟ್ಟಿಲ್ಲ.

2019ರ ಆಗಸ್ಟ್ ನಿನಗೆ ನೆನಪಿರಬೇಕು. ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಗುಡ್ಡ ಬಂದು ಮನೆ, ತೋಟ ಮುಚ್ಚಿದ ವರ್ಷ. ಆ ವಾರ ನಾನು ಬೇರೊಂದು ಊರಿಗೆ ಹೋಗಿದ್ದೆ. ಅಲ್ಲೂ ಒಂದು ದರೆ ಜರಿದಿತ್ತು. ಕೆಳಗೆ ಒಂದು ಕುಟುಂಬದ ಅರ್ಧ ಎಕರೆ ಗದ್ದೆ ಮಣ್ಣಡಿ ಹೋಗಿತ್ತು. ಮೇಲೆ ಹತ್ತಿ ನೋಡಿದೆ. ಹೋಂಸ್ಟೇ ಕಟ್ಟಲು ಗುಡ್ಡದ ಬುಡವನ್ನು ಜೆಸಿಬಿಯಲ್ಲಿ ಗೋಡೆ ಥರ ನೆಟ್ಟಗೆ ಕಡಿದಿದ್ದರು. ನೀರು ಹರಿಯುವ ದಾರಿಯನ್ನು ಮುಚ್ಚಿದ್ದರು. ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕಟ್ಟಡದವರು ಪತ್ರಿಕೆಗೆ ಜಾಹೀರಾತು ಕೊಡುವವರು. ಡೆಸ್ಕಿನಿಂದ ಫೋನ್ ಬಂತು. "ಹವಾಮಾನ ಬದಲಾವಣೆ ಅಂತ ಬರೆದುಬಿಡಿ ಸರ್, ಅದೂ ನಿಜ ತಾನೇ?" ಎಂದರು. ನಾನು ಬರೆದೆ. ಸಾವಿರ ಪದ ಬರೆದೆ. ಸಮುದ್ರ ಬಿಸಿಯಾಗಿದ್ದು, ಮೋಡ ಭಾರವಾಗಿದ್ದು, ಎಲ್ಲ ಬಂತು. ಜೆಸಿಬಿ ಬರಲಿಲ್ಲ. ಚೆನ್ನಾಗಿದೆ ಎಂದು ಜನ ಹೊಗಳಿದರು. ಗದ್ದೆ ಕಳೆದುಕೊಂಡ ಆ ಮನುಷ್ಯ ಮಾತ್ರ ಸಂತೆಯಲ್ಲಿ ಸಿಕ್ಕಿ, "ಸಾರ್, ನೀವು ಮೇಲೆ ಹತ್ತಿ ನೋಡಿದ್ರಲ್ವಾ?" ಅಂದ. ಅಷ್ಟೇ ಅಂದದ್ದು. ಅದಾದ ಮೇಲೆ ನಾನು ಆ ಊರಿನ ಕಡೆ ಹೋಗಿಲ್ಲ.

ಆದ್ದರಿಂದ ನಿನ್ನ ಹನ್ನೊಂದನೇ ಪುಟ ಓದಿ ನನ್ನ ಕೈ ನಿಂತುಬಿಟ್ಟಿತು. ಶಿರಾಡಿ ಘಾಟಿಯ ದೊಡ್ಡತಪ್ಪಲೆ ಕುಸಿತಕ್ಕೆ ಹವಾಮಾನ ಬದಲಾವಣೆಯೇ ಕಾರಣ ಎಂದು ಒಂದೇ ವಾಕ್ಯದಲ್ಲಿ ತೀರ್ಪು ಕೊಟ್ಟಿದ್ದೀಯ. ನೀನು ಸಕಲೇಶಪುರದವಳು. ಹೆದ್ದಾರಿ ಅಗಲ ಮಾಡಲು ಗುಡ್ಡವನ್ನು ಹೇಗೆ ಕಡಿದರು ಎಂಬುದನ್ನು ಬಸ್ಸಿನ ಕಿಟಕಿಯಿಂದ ನೋಡಿದವಳು. ಮಳೆ ಎಷ್ಟು ಹೆಚ್ಚಿತು, ಅದರಲ್ಲಿ ಬಿಸಿಯ ಪಾಲೆಷ್ಟು, ಕುಸಿತದಲ್ಲಿ ಗುಡ್ಡ ಕಡಿದದ್ದರ ಪಾಲೆಷ್ಟು ಎಂದು ಬೇರೆ ಬೇರೆ ಕೇಳಬೇಕು. ವಯನಾಡಿನ ಆ ದಿನದ ಮಳೆಯನ್ನು ವಿಜ್ಞಾನಿಗಳು ಹೀಗೇ ಅಳೆದರು. ಹವಾಮಾನ ಬದಲಾವಣೆಯಿಂದ ಆ ಮಳೆ ಸುಮಾರು ಶೇ. 10ರಷ್ಟು ಜೋರಾಯಿತು ಎಂದರು. ಎಷ್ಟು ಎಚ್ಚರದ ಮಾತು ನೋಡು. ಹತ್ತು ಕೇಳಲು ಚಿಕ್ಕ ಸಂಖ್ಯೆ. ಮೊದಲೇ ನೆನೆದು ನಿಂತ ಗುಡ್ಡಕ್ಕೆ ಅದು ಚಿಕ್ಕದಲ್ಲ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶೇ. 7ರಷ್ಟು ಜಾಸ್ತಿ ನೀರಿನ ಆವಿ ಹಿಡಿದಿಟ್ಟುಕೊಳ್ಳುತ್ತದೆ. ಇದನ್ನು ಹೇಳಲು "ಪ್ರಳಯ", "ಮಹಾವಿನಾಶ" ಬೇಕಿಲ್ಲ. ಆ ಎರಡು ಪದ ಸೇರಿ ನಿನ್ನ ಲೇಖನದಲ್ಲಿ ಹತ್ತೊಂಬತ್ತು ಸಲ ಬಂದಿವೆ. ಎಣಿಸಿದೆ. ತೆಗೆದುಹಾಕು.

ಇಷ್ಟೆಲ್ಲ ಬೈದೆ ಅಂತ ಅಳಬೇಡ. ಏಳನೇ ಪುಟ ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನಿನ್ನ ಅಜ್ಜಿ "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಅನ್ನುತ್ತಿದ್ದದ್ದು, ಆ ವರ್ಷ ಭರಣಿ ಮುಗಿದರೂ ಹನಿ ಬೀಳದೆ ಅವರು ದಿನಾ ಸಂಜೆ ಗದ್ದೆ ಬದುವಿನಲ್ಲಿ ಸುಮ್ಮನೆ ನಿಂತು ಬರುತ್ತಿದ್ದದ್ದು. ಅಲ್ಲಿ ಒಂದು ಪದ ಜಾಸ್ತಿ ಇಲ್ಲ. ಅದು 2023 ಇರಬೇಕು, ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ ವರ್ಷ. ಅಜ್ಜಿಯನ್ನು ಕೇಳಿ ಖಚಿತ ಮಾಡಿಕೊ. ಲೇಖನ ಆ ಬದುವಿನಿಂದ ಶುರುವಾಗಲಿ. ಆದರೆ ಅಜ್ಜಿಯ ಒಂದು ವರ್ಷವನ್ನು ಹವಾಮಾನ ಬದಲಾವಣೆಗೆ ಸಾಕ್ಷಿ ಮಾಡಬೇಡ. 2023ರಲ್ಲಿ ಎಲ್ ನಿನೊ, ಅಂದರೆ ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮುಂಗಾರನ್ನು ಹೆಚ್ಚಾಗಿ ಕುಗ್ಗಿಸುವ ವಿದ್ಯಮಾನ, ಕೂಡ ಇತ್ತು. ಹವಾಮಾನದ ಲೆಕ್ಕಕ್ಕೆ ಮೂವತ್ತು ವರ್ಷ ಬೇಕು. ನಿಮ್ಮೂರ ಸುತ್ತ ಹಳೇ ತೋಟಗಳಿವೆ. ಮಳೆ ಪುಸ್ತಕ ಇಟ್ಟವರು ಇದ್ದೇ ಇರುತ್ತಾರೆ. ಹೋಗಿ ಕೇಳು. ಕೊಡದಿದ್ದರೆ ಅಲ್ಲೇ ಕೂತು ನಕಲು ಮಾಡಿಕೊ.

ನಮ್ಮಪ್ಪನ ಪುಸ್ತಕಗಳನ್ನು ನಾನು ಕೇಳಿ ತರಲಿಲ್ಲ. ತೋಟ ಕೈ ಬದಲಾದಾಗ ಹಳೇ ಕಚೇರಿ ಕೋಣೆಯಲ್ಲೇ ಉಳಿದವು. ಗೆದ್ದಲು ತಿಂದಿತು. ನಾನಾಗ ದೊಡ್ಡ ವರದಿಗಾರ, ಪುರುಸೊತ್ತಿರಲಿಲ್ಲ. ಮೂವತ್ತೊಂದರಲ್ಲಿ ಮೂರು ಸಿಕ್ಕಿವೆ. ಅವು ನನ್ನ ಹತ್ತಿರ ಇದ್ದು ಉಪಯೋಗವಿಲ್ಲ. ನೀನು ಬಂದು ತೆಗೆದುಕೊಂಡು ಹೋಗು. ಪ್ಲಾಸ್ಟಿಕ್ ಚೀಲ ತಾ, ಹಾಳೆ ಒದ್ದೆಯಾಗಬಾರದು.

ಈ ವಾರ ಬೇಡ, ನಮ್ಮ ರಸ್ತೆಗೆ ಮರ ಬಿದ್ದಿದೆ. ಮುಂದಿನ ಭಾನುವಾರ ಬಾ. ಮೂಡಿಗೆರೆಗೆ ಬಂದಿಳಿದು ಫೋನ್ ಮಾಡು, ಕರೆದುಕೊಂಡು ಬರುತ್ತೇನೆ. ಕಳಲೆ ಸಿಕ್ಕಿದೆ, ಅಕ್ಕಿರೊಟ್ಟಿ ಜೊತೆ ಪಲ್ಯ ಮಾಡೋಣ ಅಂತ ಮನೆಯವಳು ಹೇಳಿದ್ದಾಳೆ. ಹದಿನಾಲ್ಕು ಪುಟ ನನ್ನ ಹತ್ತಿರವೇ ಇರಲಿ. ನೀನು ಬರುವಾಗ ಏಳನೇ ಪುಟದಿಂದ ಶುರು ಮಾಡಿ ಹೊಸದಾಗಿ ಬರೆದದ್ದನ್ನು ತಾ.

ಪ್ರೀತಿಯಿಂದ,
ನಿನ್ನ ಸರ್